ಗೋಳಿಬಜೆ ಒತ್ತಿದರೆ ಚಾ ಬರುವ ಹೋಟೆಲು: ಮೆನು ಕಟ್ಟುವ ಮೂರು ದಾರಿ

ಕೇರಳದ ಕಾಸರಗೋಡು ಕಡೆಯ ಬದಿಯಡ್ಕದಲ್ಲಿ ಹೋಟೆಲಿಗೆ ಹೋದರೆ ನಾನು ಗೋಡೆಯ ಬೋರ್ಡು ನೋಡುವವನಲ್ಲ. "ಎಂತ ಉಂಟು?" ಎಂದೇ ಕೇಳುವುದು. ಬೋರ್ಡಿನಲ್ಲಿ ಇದ್ದದ್ದೆಲ್ಲ ಆ ಹೊತ್ತಿಗೆ ಒಲೆಯ ಮೇಲೆ ಇರಬೇಕೆಂದಿಲ್ಲವಲ್ಲ. ಬಿಡುವಿದ್ದಾಗ ಗೊಡೊಟ್ ಎಂಬ ಆಟ ಕಟ್ಟುವ ತಂತ್ರಾಂಶದಲ್ಲಿ ನಾನು ಮಾಡುತ್ತಿರುವ ಸಣ್ಣ ಹೋಟೆಲು ಆಟಕ್ಕೂ ಇದೇ ಫಜೀತಿ. ಬೆಳಗ್ಗೆ ಬನ್ಸ್, ನೀರುದೋಸೆ. ನಾಲ್ಕು ಗಂಟೆ ಕಳೆದರೆ ಗೋಳಿಬಜೆ. ಮುಗಿದದ್ದು ಪಟ್ಟಿಯಿಂದ ಹೋಗಬೇಕು. ಹಾಗಾಗಿ ಮೆನುವನ್ನು ಅರೇ (ಮಾಹಿತಿಯನ್ನು ಸಾಲಾಗಿ ಇಡುವ ಪಟ್ಟಿ) ನೋಡಿಕೊಂಡು ಆಗಾಗ ಕಟ್ಟಬೇಕು. ಮೂರು ಬಗೆಯಲ್ಲಿ ಕಟ್ಟಿ ನೋಡಿದೆ.

ಮೊದಲನೆಯದು ಸೋಮಾರಿಯ ದಾರಿ: ಹೆಸರಿಗೊಂದು ಅರೇ, ಬೆಲೆಗೊಂದು, ಉಳಿದ ಲೆಕ್ಕಕ್ಕೊಂದು; ಪರದೆಯ ಮೇಲೆ ಕೈಯಾರೆ ಇಟ್ಟ ಆರು ಬಟನ್. ಒಂದು ರಾತ್ರಿ ಬೆಲೆಯ ಅರೇಯನ್ನು ಮಾತ್ರ ಸಾರ್ಟ್ ಮಾಡಿದೆ. ಹೆಸರುಗಳು ಕೂತಲ್ಲೇ ಕೂತಿದ್ದವು, ನೀರುದೋಸೆ ಚಾದ ಬೆಲೆಗೆ ಹೋಯಿತು. ಅಲ್ಲಿಗೆ ಅದನ್ನು ಬಿಟ್ಟೆ. ಆಮೇಲೆ ಒಂದೇ ಅರೇ, ಅದರೊಳಗೆ ಒಂದೊಂದು ತಿಂಡಿಗೆ ಒಂದೊಂದು ಡಿಕ್ಷನರಿ, ಅಂದರೆ ಹೆಸರು, ಬೆಲೆ ಎಲ್ಲ ಒಟ್ಟಿಗೇ ಇರುವ ಕಟ್ಟು:

{ "ಹೆಸರು": "ಗೋಳಿಬಜೆ", "ಬೆಲೆ": 10, "ಉಳಿದದ್ದು": 12 }

ಎರಡನೆಯದು ಗೊಡೊಟ್‌ನಲ್ಲೇ ಇರುವ ಐಟಂಲಿಸ್ಟ್ ಎಂಬ ಸಿದ್ಧ ಪಟ್ಟಿ. ಹಳೆಯದನ್ನು ಕ್ಲಿಯರ್ ಮಾಡಿ, ಲೂಪಿನಲ್ಲಿ ಒಂದೊಂದೇ ಸೇರಿಸಿ, ಆ ಸಾಲಿಗೆ ಮೆಟಾಡೇಟಾ (ಪರದೆಯಲ್ಲಿ ಕಾಣದ ಹೆಚ್ಚುವರಿ ಮಾಹಿತಿ) ಎಂದು ಡಿಕ್ಷನರಿಯನ್ನೇ ಕಟ್ಟಿಬಿಟ್ಟರೆ ಆಯಿತು. ಪಟ್ಟಿ ಉದ್ದವಾದರೆ ತಾನೇ ಸ್ಕ್ರೋಲ್ ಆಗುತ್ತದೆ, ಕೀಬೋರ್ಡಿನ ಬಾಣಗಳಿಗೂ ಓಗೊಡುತ್ತದೆ. ನನಗೆ ಕೈಕೊಟ್ಟದ್ದು ಬೆಲೆಯ ಜಾಗ. ಹೆಸರು ಎಡಕ್ಕೆ, ಬೆಲೆ ಬಲ ಅಂಚಿಗೆ ಬೇಕಿತ್ತು. ಒಂದು ಸಾಲಿಗೆ ಅದು ಕೊಡುವುದು ಒಂದೇ ಪಠ್ಯ. ನಡುವೆ ಸ್ಪೇಸ್ ತುಂಬಿಸಿ ನೋಡಿದೆ. ಕನ್ನಡದಲ್ಲಿ 'ರ'ದ ಅಗಲ ಬೇರೆ, 'ಯೊ'ದ ಅಗಲ ಬೇರೆ. ಬೆಲೆಗಳು ಮಳೆಗೆ ಬಾಗಿದ ಬೇಲಿಯ ಹಾಗೆ ನಿಂತವು.

ಮೂರನೆಯದು ವಿಬಾಕ್ಸ್ ಕಂಟೈನರ್, ಒಳಗಿಟ್ಟದ್ದನ್ನು ಒಂದರ ಕೆಳಗೊಂದು ಜೋಡಿಸುವ ಪೆಟ್ಟಿಗೆ. ಬಟನ್ನಿಗೆ ಬೇರೆಯೇ ಒಂದು ಸೀನ್ (ಮತ್ತೆ ಮತ್ತೆ ಬಳಸುವ ಅಚ್ಚು) ಮಾಡಿ, ಅದರೊಳಗೆ ಎಡಕ್ಕೊಂದು ಬಲಕ್ಕೊಂದು ಲೇಬಲ್ ಇಟ್ಟು, ಅರೇಯಲ್ಲಿ ಎಷ್ಟು ತಿಂಡಿಯೋ ಅಷ್ಟು ಪ್ರತಿ ತೆಗೆದು ಸೇರಿಸುವುದು. ನೋಡಲು ಇದೇ ಚೆಂದ, ನನ್ನನ್ನು ಕಾಡಿದ್ದೂ ಇದೇ. ಪ್ರತಿ ಬಟನ್ನಿನ ಪ್ರೆಸ್ಡ್ ಸಿಗ್ನಲ್ಲಿಗೆ, ಅಂದರೆ ಒತ್ತಿದಾಗ ಅದು ಕೊಡುವ ಸುದ್ದಿಗೆ, ತಿಂಡಿಯ ಕ್ರಮಸಂಖ್ಯೆಯನ್ನು ಬೈಂಡ್ ಮಾಡಿದ್ದೆ (ಅಂಟಿಸಿದ್ದೆ). ಬನ್ಸ್ ಮುಗಿಯಿತು, ಅರೇಯಿಂದ ಅದನ್ನು ತೆಗೆದೆ, ಅದರ ಬಟನ್ನನ್ನೂ ತೆಗೆದೆ. ಅಕ್ಕನ ಮಗ ಆಡುತ್ತಿದ್ದ.

"ಮಾವ, ಇದೆಂತ? ಒತ್ತಿದ್ದು ಗೋಳಿಬಜೆ, ಬಂದದ್ದು ಚಾ!"

ಅರೇ ಒಂದು ಮನೆ ಮೇಲಕ್ಕೆ ಸರಿದಿತ್ತು, ಬಟನ್ನುಗಳ ಕೈಯಲ್ಲಿ ಮಾತ್ರ ಹಳೇ ಸಂಖ್ಯೆಯೇ ಇತ್ತು. ಕೊನೆಯ ಬಟನ್ ಒತ್ತಿದಾಗ ಆಟವೇ ನಿಂತಿತು, ಆ ಸಂಖ್ಯೆಯ ಮನೆಯೇ ಅರೇಯಲ್ಲಿ ಇರಲಿಲ್ಲ. ಸಂಖ್ಯೆಯ ಬದಲು ಡಿಕ್ಷನರಿಯನ್ನೇ ಬೈಂಡ್ ಮಾಡಿದೆ. ಗೊಡೊಟ್‌ನ ಭಾಷೆ ಜಿಡಿಸ್ಕ್ರಿಪ್ಟ್‌ನಲ್ಲಿ ಡಿಕ್ಷನರಿ ಕೊಟ್ಟರೆ ನಕಲು ಹೋಗುವುದಿಲ್ಲ, ಅಸಲೇ ಹೋಗುತ್ತದೆ. ಬಟನ್ ಒತ್ತಿದಲ್ಲಿ 'ಉಳಿದದ್ದು' ಒಂದು ಕಮ್ಮಿ ಮಾಡಿದರೆ ಅರೇಯಲ್ಲೂ ಕಮ್ಮಿಯಾಗುತ್ತದೆ.

ಇನ್ನೊಂದು ಉಪದ್ರ ಹೊತ್ತು ಬದಲಾದಾಗ ಪೂರ್ತಿ ಮೆನುವನ್ನು ಹೊಸದಾಗಿ ಕಟ್ಟುವಲ್ಲಿ. ಹಳೆಯವುಗಳಿಗೆ ಕ್ಯೂ ಫ್ರೀ ಎಂದು ಹೇಳಿ, ಹೊಸತನ್ನು ಸೇರಿಸಿ, ಕಂಟೈನರಿನ ಮೊದಲ ಮಗುವಿಗೆ (ಒಳಗಿನ ಮೊದಲ ಬಟನ್ನಿಗೆ) ಫೋಕಸ್, ಅಂದರೆ ಕೀಬೋರ್ಡಿನ ಗಮನ, ಕೊಟ್ಟೆ. ಫೋಕಸ್ ಒಮ್ಮೆಲೇ ಮಾಯ. ಕ್ಯೂ ಫ್ರೀ ಅಂದರೆ ಆ ಫ್ರೇಮ್ (ಪರದೆಯ ಒಂದು ಚಿತ್ರ) ಮುಗಿದ ಮೇಲೆ ಹೋಗು ಎಂದು, ಈಗಲೇ ಎಂದಲ್ಲ. ನಾನು ಫೋಕಸ್ ಕೊಟ್ಟದ್ದು ಹೊರಡಲು ನಿಂತಿದ್ದ ಬಟನ್ನಿಗೆ. ಮೊದಲು ಕಂಟೈನರಿನಿಂದ ಕಳಚಿ, ಆಮೇಲೆ ಕ್ಯೂ ಫ್ರೀ ಎಂದ ಮೇಲೆ ಸರಿಹೋಯಿತು. ಇದಕ್ಕೆ ಎರಡು ಸಂಜೆ ಹೋಗಿದೆ.

ಅಕ್ಷರದ ಮಾತೂ ಹೇಳಬೇಕು. ಹಳೇ ಲ್ಯಾಪ್‌ಟಾಪಿನ ಗೊಡೊಟ್ 3ರಲ್ಲಿ ಈ ಮೂರರಲ್ಲಿ ಯಾವುದನ್ನು ಮಾಡಿದರೂ 'ಅಕ್ಕಿ' ಎಂಬುದು 'ಅಕ್‌ಕಿ' ಎಂದೇ ಕಾಣುತ್ತಿತ್ತು. ಒತ್ತಕ್ಷರ ಕೂರಿಸುವ ವಿದ್ಯೆ ಬಂದದ್ದು 2023ರಲ್ಲಿ ಹೊರಬಂದ 4.0ಯಿಂದ. ಬ್ರೌಸರಿನಲ್ಲಿ ಆಡಿಸುವುದಾದರೆ ನೋಟೋ ಸ್ಯಾನ್ಸ್ ಕನ್ನಡದಂಥ ಫಾಂಟನ್ನು ಆಟದ ಜೊತೆಗೇ ಕಟ್ಟಿ ಕೊಡಬೇಕು, ಇಲ್ಲವಾದರೆ ಬರೀ ಚೌಕಗಳು. ನಮ್ಮೂರಿನ ಆಟವೆಂದ ಮೇಲೆ ಮಲಯಾಳವೂ ಬೇಕು. ಅರೇಯಲ್ಲಿ ಹೆಸರಿನ ಬದಲು ಒಂದು ಕೀ (ಗುರುತಿನ ಪದ) ಇಟ್ಟು, ಎರಡೂ ಭಾಷೆಯ ಮಾತನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿ) ಫೈಲಿಗೆ ಸಾಗಿಸುತ್ತಿದ್ದೇನೆ.

ಈಗ ಗಿರಾಕಿಗೆ ಕಾಣುವ ತಿಂಡಿ ಪಟ್ಟಿಗೆ ಬಟನ್ನುಗಳು. ಅಡುಗೆಮನೆಯ ದಿನಸಿಗೆ, ಅರುವತ್ತು ಸಾಲು ದಾಟಿದೆ, ಐಟಂಲಿಸ್ಟ್. ದಿನಸಿಯ ಪಟ್ಟಿ ಚೆಂದ ಇರಬೇಕೆಂದು ಯಾರೂ ಕೇಳುವುದಿಲ್ಲ. ಅಳಿಯನ ಹೊಸ ಬೇಡಿಕೆ ಬೇರೆ: ಗಿರಾಕಿ "ಎಂತ ಉಂಟು?" ಎಂದಾಗ ಸಪ್ಲಾಯರ್ ಉಸಿರು ಬಿಡದೆ ಅಷ್ಟನ್ನೂ ಹೇಳಬೇಕಂತೆ. ಅದಕ್ಕೆ ಬಟನ್ನೂ ಬೇಡ, ಲಿಸ್ಟೂ ಬೇಡ; ಅದೇ ಅರೇಯ ಹೆಸರುಗಳನ್ನು ಅಲ್ಪವಿರಾಮ ಹಾಕಿ ಜೋಡಿಸಿದರೆ ಸಾಕು.