ಪರ್ಲ್ ಹಾರ್ಬರ್ ಡಯೋರಾಮಾ ಸೆಟ್: ಹಣ ಕೊಡುವ ಮುನ್ನ ನೋಡಬೇಕಾದದ್ದು

ಹಡಗಿನ ಮಾದರಿಗಳನ್ನು ಕಟ್ಟುವ ಹವ್ಯಾಸವುಳ್ಳವರ ನಡುವೆ ಒಂದು ಡಯೋರಾಮಾ ಸೆಟ್‌ನ, ಅಂದರೆ ಒಂದು ಸ್ಥಳದ ದೃಶ್ಯವನ್ನು ಚಿಕ್ಕ ಮಾದರಿಗಳಲ್ಲಿ ಕಟ್ಟಿ ತೋರಿಸುವ ಸೆಟ್‌ನ, ಜಾಹೀರಾತು ಓಡಾಡುತ್ತಿದೆ. 1941ರ ಡಿಸೆಂಬರ್ 7ರ ಬೆಳಗಿನ, ಅಂದರೆ ಜಪಾನ್ ದಾಳಿ ಮಾಡಿದ ದಿನದ ಪರ್ಲ್ ಹಾರ್ಬರ್ (ಹವಾಯಿಯಲ್ಲಿರುವ ಅಮೆರಿಕದ ನೌಕಾನೆಲೆ), 1:700 ಪ್ರಮಾಣ, ಆ ಬಂದರಿನ ನಡುವಿನ ಫೋರ್ಡ್ ದ್ವೀಪದ ದಡ, ಹಡಗುಗಳನ್ನು ಬಿಗಿದು ನಿಲ್ಲಿಸುವ ಕಟ್ಟೆಗಳು, ಯುದ್ಧನೌಕೆಗಳು, ಧ್ವಜ ಮತ್ತು ವಿಮಾನಗಳ ಡೆಕಾಲ್ (ಮಾದರಿಯ ಮೇಲೆ ಅಂಟಿಸುವ ಚಿತ್ರ), ಇಷ್ಟೂ ಒಂದೇ ಪೆಟ್ಟಿಗೆಯಲ್ಲಿ ಸಿಗುತ್ತವೆ ಎಂದೂ ಎಲ್ಲವೂ ಇತಿಹಾಸಕ್ಕೆ ಸಂಪೂರ್ಣ ನಿಷ್ಠವಾಗಿವೆ ಎಂದೂ ಅದರಲ್ಲಿ ಭರವಸೆ ಇದೆ. ನಾನು ಅದನ್ನು ಕೊಂಡೆ. ಪೆಟ್ಟಿಗೆಯಲ್ಲಿ ಬಂದದ್ದು 1941ರ ಬಂದರೂ ಅಲ್ಲ, ಬೇರೆ ಯಾವ ಒಂದು ವರ್ಷದ ಬಂದರೂ ಅಲ್ಲ. ಇನ್ನೂ ಕೆಲವರು ಮುಂಗಡ ಕೊಡಲು ಸಿದ್ಧರಾಗಿದ್ದಾರೆಂದು ತಿಳಿದಿದ್ದರಿಂದ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಇಂಥ ಸೆಟ್‌ಗೆ ಜನ ಏಕೆ ಮರುಳಾಗುತ್ತಾರೆ ಎಂಬುದು ಅರ್ಥವಾಗದ ಸಂಗತಿಯೇನಲ್ಲ. ಹಡಗುಗಳ ಪ್ಲಾಸ್ಟಿಕ್ ಕಿಟ್‌ಗಳು ಬಿಡಿಬಿಡಿಯಾಗಿ ಹೇಗೋ ದೊರೆಯುತ್ತವೆ. ಆದರೆ ಅವುಗಳಲ್ಲಿ ಹಲವು 1944–45ರ ರೂಪದವು, ಅಂದರೆ ದಾಳಿಯ ನಂತರ ದುರಸ್ತಿಯಾಗಿ ಗುರುತೇ ಸಿಗದಷ್ಟು ಬದಲಾದ ಹಡಗುಗಳು. ಬಂದರಿನ ಕಟ್ಟೆಗಳು, ಡ್ರೈ ಡಾಕ್ (ನೀರು ಬಸಿದು ಹಡಗನ್ನು ದುರಸ್ತಿ ಮಾಡುವ ಕಟ್ಟೆ), ತೇಲುವ ಡಾಕ್, ಟ್ಯಾಂಕರ್ ಮುಂತಾದವನ್ನಂತೂ ಕೈಯಾರೆ ಕಟ್ಟಿಕೊಳ್ಳಬೇಕು. ಇವೆಲ್ಲವನ್ನೂ ತ್ರೀಡಿ ಮುದ್ರಣದಲ್ಲಿ ತೆಗೆದುಕೊಡುತ್ತೇನೆ ಎಂದು ಒಬ್ಬ ಮಾರಾಟಗಾರ ಹೇಳಿದಾಗ, ವರ್ಷಗಟ್ಟಲೆಯ ಕೆಲಸ ಉಳಿಯಿತೆಂದು ಅನ್ನಿಸುವುದು ಸಹಜವೇ.

ಮೊದಲು ಅಡಿಹಲಗೆಯ ವಿಷಯ. ಫೋರ್ಡ್ ದ್ವೀಪದ ಆಗ್ನೇಯ ದಡದ ಉದ್ದಕ್ಕೂ ಆ ಬೆಳಿಗ್ಗೆ ಹಡಗುಗಳು ನಿಂತಿದ್ದ ಕ್ರಮ ಎಲ್ಲ ದಾಖಲೆಗಳಲ್ಲೂ ಇದೆ. ನೈರುತ್ಯ ತುದಿಯಲ್ಲಿ ಕ್ಯಾಲಿಫೋರ್ನಿಯಾ ಎಂಬ ಯುದ್ಧನೌಕೆ ಒಂಟಿಯಾಗಿತ್ತು. ಅದರ ಹಿಂದೆ ನಿಯೋಶೊ ಎಂಬ ತೈಲ ಟ್ಯಾಂಕರ್, ಆಮೇಲೆ ದಡದ ಬದಿಗೆ ಮೇರಿಲ್ಯಾಂಡ್ ಮತ್ತು ಅದರ ಹೊರಬದಿಗೆ ಓಕ್ಲಹೋಮಾ, ಮುಂದಿನ ಜೋಡಿಯಲ್ಲಿ ಒಳಗೆ ಟೆನೆಸ್ಸಿ, ಹೊರಗೆ ವೆಸ್ಟ್ ವರ್ಜೀನಿಯಾ, ನಂತರ ಅರಿಜೋನಾ ಮತ್ತು ಅದರ ಹೊರಬದಿಗೆ ದುರಸ್ತಿ ಹಡಗು ವೆಸ್ಟಲ್, ಕಡೆಯಲ್ಲಿ ನೆವಾಡಾ. ಈ ಸಾಲಿನ ಆರು ಸ್ಥಾನಗಳಲ್ಲಿ ದಡದ ಬದಿಗೆ ನಿಂತ ಆರು ಹಡಗುಗಳ ಉದ್ದವನ್ನು ಮಾತ್ರ ಕೂಡಿಸಿದರೂ ಸುಮಾರು 1,100 ಮೀಟರ್ ಆಗುತ್ತದೆ. 1:700ರಲ್ಲಿ ಅದು 157 ಸೆಂಟಿಮೀಟರ್, ಅದೂ ಹಡಗು ಹಡಗುಗಳ ನಡುವಿನ ನೀರನ್ನು ಬಿಟ್ಟು. ನನಗೆ ಬಂದ ಅಡಿಹಲಗೆಯ ಉದ್ದ 120 ಸೆಂಟಿಮೀಟರ್. ಹಡಗುಗಳು 1:700, ಬಂದರು ಇನ್ಯಾವುದೋ ಪ್ರಮಾಣ. ಜಾಹೀರಾತಿನಲ್ಲಿ ಹಲಗೆಯ ಅಳತೆಯನ್ನು ಏಕೆ ಕೊಟ್ಟಿರಲಿಲ್ಲ ಎಂಬುದು ಆಗ ತಿಳಿಯಿತು.

ಹಲಗೆಯ ಮೇಲೆ ಅಂಟಿಸಿದ ದಡದ ನಕ್ಷೆ ಎಲ್ಲಿಂದ ಬಂತು ಎಂಬುದನ್ನು ಹುಡುಕಲು ಹೆಚ್ಚು ಶ್ರಮ ಬೇಕಾಗಲಿಲ್ಲ. ಫೋರ್ಡ್ ದ್ವೀಪವನ್ನು ಬಂದರಿರುವ ದೊಡ್ಡ ದ್ವೀಪ ಒವಾಹುವಿನ ನೆಲಕ್ಕೆ ಜೋಡಿಸುವ ಸೇತುವೆ ಅದರಲ್ಲಿ ಸ್ಪಷ್ಟವಾಗಿದೆ. ಆ ಸೇತುವೆ ಸಂಚಾರಕ್ಕೆ ತೆರೆದದ್ದು 1998ರಲ್ಲಿ. 1941ರಲ್ಲಿ ದ್ವೀಪಕ್ಕೆ ಹೋಗಬೇಕಾದವರು ದೋಣಿಯಲ್ಲೇ ಹೋಗಬೇಕಿತ್ತು. ಅರಿಜೋನಾ ನಿಲ್ಲಬೇಕಾದ ಜಾಗದಲ್ಲಿ ಆ ಹಡಗಿನ ನೆನಪಿಗೆ 1962ರಲ್ಲಿ ಲೋಕಾರ್ಪಣೆಯಾದ ಬಿಳಿಯ ಸ್ಮಾರಕದ ನೆರಳು ಹಾಗೆಯೇ ಮೂಡಿದೆ. ಕಾಂಕ್ರೀಟ್ ಕಟ್ಟೆಗಳಿಗೆ ಹಡಗುಗಳ ಹೆಸರುಳ್ಳ ಡೆಕಾಲ್ ಕೊಟ್ಟಿದ್ದಾರೆ. ಆ ಹೆಸರುಗಳನ್ನು ಬರೆದದ್ದು ಸ್ಮರಣಾರ್ಥವಾಗಿ, ಯುದ್ಧದ ನಂತರ. ಒಟ್ಟಿನಲ್ಲಿ ಇದು ಇಂದಿನ ಉಪಗ್ರಹ ಚಿತ್ರವನ್ನು ಕುಗ್ಗಿಸಿ ಮುದ್ರಿಸಿದ ಹಾಳೆ.

ನಿಯೋಶೊ ಪೆಟ್ಟಿಗೆಯಲ್ಲಿ ಇರಲೇ ಇಲ್ಲ. ಬದಲಿಗೆ ಉಳಿದವುಗಳನ್ನೆಲ್ಲ ಕುಬ್ಜವಾಗಿಸುವ 38.6 ಸೆಂಟಿಮೀಟರ್ ಉದ್ದದ ಒಂದು ಹಡಗಿತ್ತು. ಅದು ಮಿಸೌರಿ! ದಾಳಿಯ ದಿನ ಆ ಹಡಗು ನ್ಯೂಯಾರ್ಕಿನ ಬ್ರೂಕ್ಲಿನ್ ನೌಕಾಂಗಣದಲ್ಲಿ ಇನ್ನೂ ಕಟ್ಟಣೆಯ ಹಂತದಲ್ಲಿತ್ತು. ಅದು ನೀರಿಗಿಳಿದದ್ದು 1944ರ ಜನವರಿಯಲ್ಲಿ, ಪರ್ಲ್ ಹಾರ್ಬರಿನಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದದ್ದು 1999ರಲ್ಲಿ. ಮಿಸೌರಿಯ ಮೂತಿ ಇಂದು ಅರಿಜೋನಾ ಸ್ಮಾರಕದ ಕಡೆಗಿದೆ, ಅಂದರೆ ಈಶಾನ್ಯಕ್ಕೆ. ಸೆಟ್‌ನ ಜೋಡಣೆಯ ಹಾಳೆ ಉಳಿದ ಎಲ್ಲ ಹಡಗುಗಳನ್ನೂ ಅದೇ ದಿಕ್ಕಿಗೆ ತಿರುಗಿಸಿ ನಿಲ್ಲಿಸಿದೆ. ನಿಜದಲ್ಲಿ ಆ ಸಾಲಿನ ಯುದ್ಧನೌಕೆಗಳ ಮೂತಿ ನೈರುತ್ಯಕ್ಕೆ, ಹೊರಹೋಗುವ ಕಾಲುವೆಯ ಕಡೆಗೆ ಇತ್ತು. ಹಾಗಿದ್ದುದರಿಂದಲೇ ನೆವಾಡಾ ದಾಳಿಯ ನಡುವೆ ಕಟ್ಟು ಬಿಚ್ಚಿಕೊಂಡು ಉಳಿದವುಗಳನ್ನು ದಾಟಿ ಮುಂದೆ ಸಾಗಲು ಸಾಧ್ಯವಾಯಿತು.

ಹಡಗುಗಳ ವಿಷಯದಲ್ಲಿ ಆದದ್ದು ಇದಕ್ಕಿಂತ ದೊಡ್ಡ ಮೋಸ ಎಂದು ನನ್ನ ಅಭಿಪ್ರಾಯ, ಏಕೆಂದರೆ ತಿಳಿಯದವರಿಗೆ ಅದು ಕಣ್ಣಿಗೆ ಬೀಳುವುದಿಲ್ಲ. ಮೇರಿಲ್ಯಾಂಡ್ ಮತ್ತು ಓಕ್ಲಹೋಮಾ ಎರಡನ್ನೂ ಒಂದೇ ಒಡಲಿನ ಫೈಲ್‌ನಿಂದ ಮುದ್ರಿಸಿದ್ದಾರೆ. ಓಕ್ಲಹೋಮಾ ಸುಮಾರು 178 ಮೀಟರ್, ಮೇರಿಲ್ಯಾಂಡ್ 190 ಮೀಟರ್. 1:700ರಲ್ಲಿ ಇವು 25.4 ಮತ್ತು 27.2 ಸೆಂಟಿಮೀಟರ್ ಆಗಬೇಕು, ಪಕ್ಕಪಕ್ಕ ಇಟ್ಟರೆ ಬರಿಗಣ್ಣಿಗೇ ವ್ಯತ್ಯಾಸ ಕಾಣಬೇಕು. ಮೇರಿಲ್ಯಾಂಡ್, ವೆಸ್ಟ್ ವರ್ಜೀನಿಯಾ, ಟೆನೆಸ್ಸಿ, ಕ್ಯಾಲಿಫೋರ್ನಿಯಾಗಳಿಗೆ 1941ರಲ್ಲಿ ಬಿದಿರಿನ ಬುಟ್ಟಿ ಹೆಣೆದಂತೆ ಕಾಣುವ ಜಾಲರಿ ಸ್ತಂಭಗಳಿದ್ದವು. ಓಕ್ಲಹೋಮಾ, ನೆವಾಡಾ, ಅರಿಜೋನಾ, ಪೆನ್ಸಿಲ್ವೇನಿಯಾಗಳಿಗೆ ಮುಕ್ಕಾಲಿ ಸ್ತಂಭಗಳಿದ್ದವು. ಪರ್ಲ್ ಹಾರ್ಬರಿನ ಯಾವುದೇ ಮಾದರಿಯಲ್ಲಿ ಮೊದಲು ನೋಡಬೇಕಾದ ಗುರುತು ಇದು. ನನಗೆ ಬಂದ ಓಕ್ಲಹೋಮಾಕ್ಕೆ ಜಾಲರಿ ಸ್ತಂಭ, ಕ್ಯಾಲಿಫೋರ್ನಿಯಾ ಮತ್ತು ವೆಸ್ಟ್ ವರ್ಜೀನಿಯಾಗಳಿಗೆ ಎರಡೂ ಅಲ್ಲದ, ಯುದ್ಧಕಾಲದ ಪುನರ್ನಿರ್ಮಾಣದ ನಂತರದ ಮೇಲ್ಕಟ್ಟು. ಆ ಪುನರ್ನಿರ್ಮಾಣದಲ್ಲಿ ಟೆನೆಸ್ಸಿ, ಕ್ಯಾಲಿಫೋರ್ನಿಯಾ, ವೆಸ್ಟ್ ವರ್ಜೀನಿಯಾಗಳ ಅಗಲ ಸುಮಾರು 30 ಮೀಟರಿನಿಂದ 34.7 ಮೀಟರಿಗೆ ಏರಿ, ಅವು ಪನಾಮಾ ಕಾಲುವೆಯಲ್ಲಿ ಹಡಗನ್ನು ಏರಿಸಿ ಇಳಿಸುವ 110 ಅಡಿ (33.5 ಮೀಟರ್) ಅಗಲದ ಲಾಕ್‌ಗಳಲ್ಲಿ ಹಿಡಿಸದಂತಾದವು. ಮಾದರಿಯಲ್ಲಿ ಇದರ ಪರಿಣಾಮವೇನೆಂದರೆ, ಟೆನೆಸ್ಸಿ ಮತ್ತು ವೆಸ್ಟ್ ವರ್ಜೀನಿಯಾ ಒತ್ತಾಗಿ ನಿಂತಾಗ ಒಟ್ಟು ಎಂಟೂವರೆ ಸೆಂಟಿಮೀಟರ್ ಇರಬೇಕಾದ ಅಗಲ ಹತ್ತರ ಹತ್ತಿರ ಬಂದು, ಹೊರಗಿನ ಹಡಗು ಕಾಲುವೆಯೊಳಕ್ಕೆ ಚಾಚಿಕೊಳ್ಳುತ್ತದೆ.

ಡೆಕಾಲ್ ಹಾಳೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಸಾಕು. ಧ್ವಜದಲ್ಲಿ 50 ನಕ್ಷತ್ರಗಳಿವೆ. 1941ರಲ್ಲಿ ಇದ್ದದ್ದು 48, ಆರು ಸಾಲುಗಳಲ್ಲಿ ಎಂಟೆಂಟು, ಹವಾಯಿ ಆಗಿನ್ನೂ ರಾಜ್ಯವೇ ಆಗಿರಲಿಲ್ಲ. ಹಡಗಿನ ವಿಮಾನಗಳಿಗೆ ಕೊಟ್ಟಿರುವುದು ಎರಡೂ ಬದಿಗೆ ಪಟ್ಟಿಯಿರುವ, 1943ರಲ್ಲಿ ಬಂದ ಗುರುತು. ಆ ದಿನದ ಗುರುತಿನಲ್ಲಿ ಬಿಳಿ ನಕ್ಷತ್ರದ ನಡುವೆ ಕೆಂಪು ಚುಕ್ಕೆ ಇತ್ತು, ಅದನ್ನು ತೆಗೆದದ್ದು 1942ರ ಮೇ ತಿಂಗಳಲ್ಲಿ. ಬಣ್ಣದ ಸೂಚನೆಯಲ್ಲಿ ಎಲ್ಲ ಹಡಗುಗಳಿಗೂ ಯುದ್ಧಾನಂತರದ ತಿಳಿ ಬೂದು ಹೇಳಿದ್ದಾರೆ. ಅರಿಜೋನಾದ ಬಣ್ಣ ಕಡು ಬೂದೋ ನೀಲಿಯೋ ಎಂದು ತಿಳಿದವರೇ ವಾದಿಸುತ್ತಾರೆ, ಅದು ಗೌರವಿಸಬೇಕಾದ ವಾದ. ತಿಳಿ ಬೂದು ಎಂದು ಮಾತ್ರ ಯಾರೂ ವಾದಿಸುವುದಿಲ್ಲ.

ಜಾಹೀರಾತಿನ ಚಿತ್ರದಲ್ಲೇ ಒಂದು ಸುಳಿವಿತ್ತು. ಅದರಲ್ಲಿ ನೆವಾಡಾ ಕಾಲುವೆಯ ನಡುವೆ ಸಾಗುತ್ತಿದೆ, ಅರಿಜೋನಾ ಹೊಗೆಯೂ ಇಲ್ಲದೆ ನೆಟ್ಟಗೆ ನಿಂತಿದೆ. ಅರಿಜೋನಾ ಸ್ಫೋಟಗೊಂಡದ್ದು ಎಂಟು ಗಂಟೆ ದಾಟಿ ಹತ್ತು ನಿಮಿಷದೊಳಗೆ, ಓಕ್ಲಹೋಮಾ ಮಗುಚಿದ್ದೂ ಅದೇ ಹೊತ್ತಿಗೆ, ನೆವಾಡಾ ಹೊರಟದ್ದು ಎಂಟೂ ನಲವತ್ತರ ಸುಮಾರಿಗೆ. ಹೀಗಾಗಿ ಈ ಬಂದರಿನ ಡಯೋರಾಮಾಕ್ಕೆ ದಿನಾಂಕವೊಂದೇ ಸಾಲದು, ಗಳಿಗೆಯೂ ಬೇಕು. ಯಾರಾದರೂ ಇಂಥದ್ದನ್ನು ಮಾರಲು ಬಂದರೆ ಇದು ಎಷ್ಟು ಗಂಟೆಯ ದೃಶ್ಯ ಎಂದು ಕೇಳಿ. ಉತ್ತರ ಬಾರದಿದ್ದರೆ ಅಲ್ಲಿಗೇ ನಿಲ್ಲಿಸಬಹುದು. ಒಂದನೇ ಡ್ರೈ ಡಾಕ್‌ನಲ್ಲಿ ಪೆನ್ಸಿಲ್ವೇನಿಯಾದ ಜೊತೆ ಇದ್ದ ಎರಡು ಡಿಸ್ಟ್ರಾಯರ್‌ಗಳು ಯಾವುವು, ದ್ವೀಪದ ಆಚೆ ಬದಿಯಲ್ಲಿ ಮಗುಚಿದ ಹಳೆಯ ಹಡಗು ಯಾವುದು ಎಂದೂ ಕೇಳಿ ನೋಡಿ. ಕ್ಯಾಸಿನ್, ಡೌನ್ಸ್ ಮತ್ತು ಯೂಟಾ ಎಂಬ ಹೆಸರುಗಳು ತಡವರಿಸದೆ ಬರಬೇಕು. ನಾನು ನಂತರ ಕೇಳಿದಾಗ ಮಾರಾಟಗಾರ ಒಂದು ವಿಮಾನವಾಹಕ ನೌಕೆಯನ್ನು ಹೆಚ್ಚುವರಿ ಬೆಲೆಗೆ ಸೇರಿಸಿಕೊಡುವುದಾಗಿ ಹೇಳಿದ. ಅಮೆರಿಕದ ವಿಮಾನವಾಹಕಗಳಲ್ಲಿ ಒಂದೂ ಆ ಬೆಳಿಗ್ಗೆ ಬಂದರಿನಲ್ಲಿ ಇರಲಿಲ್ಲ, ಮತ್ತು ಆ ಯುದ್ಧದ ಇಡೀ ಕಥೆ ಒಂದರ್ಥದಲ್ಲಿ ಅದರ ಮೇಲೆಯೇ ನಿಂತಿದೆ.

ಮುದ್ರಣದ ಗುಣಮಟ್ಟವನ್ನು ಬೇಗ ಹೇಳಿ ಮುಗಿಸುತ್ತೇನೆ. ಬಿಡಿಭಾಗಗಳ ಮೈ ಅಂಟಂಟಾಗಿತ್ತು, ವಾಸನೆ ಗಾಢವಾಗಿತ್ತು, ಅಂದರೆ ಮುದ್ರಣಕ್ಕೆ ಬಳಸುವ ರೆಸಿನ್ ಎಂಬ ದ್ರವ ಪೂರ್ತಿ ಗಟ್ಟಿಯಾಗಿರಲಿಲ್ಲ. ಅಂಥದ್ದನ್ನು ಬರಿಗೈಯಲ್ಲಿ ಮುಟ್ಟಬಾರದು, ಚರ್ಮಕ್ಕೆ ಅಲರ್ಜಿ ಆಗಬಹುದು. ಮನೆಯಲ್ಲಿ ಮಕ್ಕಳಿದ್ದರೆ ಪೆಟ್ಟಿಗೆಯನ್ನು ತೆರೆದಿಡಲೂಬಾರದು. ಖರ್ಚು ಉಳಿಸಲು ಒಡಲುಗಳನ್ನು ಟೊಳ್ಳಾಗಿ ಮುದ್ರಿಸಿ, ಒಳಗಿನ ದ್ರವ ಬಸಿಯಲು ತೂತನ್ನೇ ಬಿಟ್ಟಿರಲಿಲ್ಲ. ಒಳಗೆ ಉಳಿದ ರೆಸಿನ್ ಕೆಲವೇ ದಿನಗಳಲ್ಲಿ ಎರಡು ಹಡಗುಗಳ ತಳವನ್ನು ಸೀಳಿ ಹೊರಬಂದು ಬಣ್ಣವನ್ನೆಲ್ಲ ಎಬ್ಬಿಸಿತು.

ಸರಕನ್ನು ವಾಪಸು ಪಡೆಯುವಂತೆ ಬರೆದಾಗ ಬಂದ ಉತ್ತರ, ಇದು ಕಲಾವಿದನ ಕಲ್ಪನೆ, ಆರ್ಡರ್ ಮೇಲೆ ತಯಾರಿಸಿದ್ದು, ಆದ್ದರಿಂದ ಹಿಂತಿರುಗಿಸುವಂತಿಲ್ಲ ಎಂದು. ಇದನ್ನು ಒಪ್ಪಬೇಕಾಗಿಲ್ಲ. ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣಗಳಿಲ್ಲದ ಸರಕನ್ನು ಹಿಂದಕ್ಕೆ ಪಡೆಯಲು ಆನ್‌ಲೈನ್ ಮಾರುಕಟ್ಟೆಯ ಮಾರಾಟಗಾರ ನಿರಾಕರಿಸುವಂತಿಲ್ಲ ಎಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರಾಟಗಾರ ಎಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ನಾನು ಹಣವನ್ನೆಲ್ಲ ಮಾರುಕಟ್ಟೆಯ ತಾಣದ ಮೂಲಕವೇ ಕೊಟ್ಟಿದ್ದರಿಂದ ರಸೀದಿ, ಜಾಹೀರಾತಿನ ಪ್ರತಿ, ಪತ್ರವ್ಯವಹಾರ ಎಲ್ಲವೂ ನನ್ನ ಬಳಿ ಇವೆ, ದೂರು ನಡೆಯುತ್ತಿದೆ. ಅದೇ ಮಾರಾಟಗಾರ ನನ್ನ ಪರಿಚಯದ ಇನ್ನೊಬ್ಬರಿಗೆ ರಿಯಾಯಿತಿಯ ಆಸೆ ತೋರಿಸಿ ನೇರವಾಗಿ ಯುಪಿಐ ಮೂಲಕ ಹಣ ತರಿಸಿಕೊಂಡಿದ್ದಾನೆ. ಅವರ ಕೈಯಲ್ಲಿ ಪಾವತಿಯ ಸಂದೇಶವೊಂದನ್ನು ಬಿಟ್ಟರೆ ಏನೂ ಇಲ್ಲ.

ನಮ್ಮ ದೂರಿನ ನಂತರ ಆ ಜಾಹೀರಾತು ಮರೆಯಾಗಿ, ಅದೇ ಸೆಟ್ ಬೇರೆ ಹೆಸರಿನಲ್ಲಿ ಮತ್ತೆ ಬಂದಿದೆ. ಈ ಸಲ ಸೇತುವೆಯನ್ನು ನೀಲಿ ಬಣ್ಣ ಬಳಿದು ಮುಚ್ಚಿದ್ದಾರೆ, ಮಿಸೌರಿಯ ಹೆಸರನ್ನು ಬರೀ "ಯುದ್ಧನೌಕೆ" ಎಂದು ಬದಲಿಸಿದ್ದಾರೆ. ಆದರೆ ಓಕ್ಲಹೋಮಾದ ಮೇಲೆ ಜಾಲರಿ ಸ್ತಂಭ ಹಾಗೆಯೇ ನಿಂತಿದೆ, ಹಲಗೆಯ ಅಳತೆ ಈಗಲೂ ಎಲ್ಲೂ ಇಲ್ಲ. ಈ ಎರಡನ್ನು ನೋಡಿದರೆ ಅದು ಅದೇ ಸೆಟ್ ಎಂದು ಗುರುತಿಸಬಹುದು.