ಅಂಕಕ್ಕೆ ಯಾವುದು ವಾಸಿ: ಸ್ವಾಯತ್ತ ಕಾಲೇಜೋ, ವಿಟಿಯು ಪರೀಕ್ಷೆಯ ಕಾಲೇಜೋ?

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸಂಯೋಜಿತ ಎಂಜಿನಿಯರಿಂಗ್ ಕಾಲೇಜಾದರೆ ಪದವಿ ಎರಡೂ ಕಡೆ ವಿಟಿಯುದೇ. ವ್ಯತ್ಯಾಸ ಇರುವುದು ಪರೀಕ್ಷೆ ಯಾರ ಕೈಯಲ್ಲಿದೆ ಅನ್ನುವುದರಲ್ಲಿ.

ವಿಟಿಯುದ 2022ರ ಸ್ಕೀಮಿನಲ್ಲಿ (ಪಠ್ಯಕ್ರಮ, ಪರೀಕ್ಷೆಯ ನಿಯಮಾವಳಿ) ಥಿಯರಿ ವಿಷಯಕ್ಕೆ ಇಂಟರ್ನಲ್ಸ್ (ಕಾಲೇಜೇ ಕೊಡುವ ಅಂಕ) 50, ಸೆಮಿಸ್ಟರ್ ಪರೀಕ್ಷೆ 50. ಸ್ವಾಯತ್ತವಲ್ಲದ ಕಾಲೇಜಿನಲ್ಲಿ ಎರಡನೇ 50 ಬೆಳಗಾವಿಯದು, ಅಂದರೆ ವಿಟಿಯು ನಡೆಸುವ ಪರೀಕ್ಷೆಯದು. 100 ಅಂಕಕ್ಕೆ ಬರೆಸಿ 50ಕ್ಕೆ ಇಳಿಸುತ್ತಾರೆ. ಐದು ಮಾಡ್ಯೂಲ್, ಒಂದೊಂದಕ್ಕೆ ಎರಡು ಪ್ರಶ್ನೆ, ಒಂದನ್ನು ಬರೆದರೆ ಸಾಕು. ಮೇಷ್ಟ್ರು ಅವಸರದಲ್ಲಿ ಮುಗಿಸಿದ ಐದನೇ ಮಾಡ್ಯೂಲಿಗೂ 20 ಅಂಕ, ನೆನಪಿರಲಿ! ಹಳೇ ಪ್ರಶ್ನೆಪತ್ರಿಕೆಗಳು ಮಾತ್ರ ಧಾರಾಳವಾಗಿ ಸಿಗುತ್ತವೆ.

ಸ್ವಾಯತ್ತ ಕಾಲೇಜಿನಲ್ಲಿ ಸಿಲೆಬಸ್, ಪರೀಕ್ಷೆ, ಮೌಲ್ಯಮಾಪನ ಎಲ್ಲ ಅವರದೇ. ಪಾಠಕ್ಕೂ ಪತ್ರಿಕೆಗೂ ಹೊಂದಿಕೆ ಜಾಸ್ತಿ. ಆದರೆ ಅಂಕ ಕೊಡುವುದರಲ್ಲಿನ ಬಿಗಿ ಕಾಲೇಜಿಂದ ಕಾಲೇಜಿಗೆ ಬೇರೆ, ಬ್ರಾಂಚಿಂದ ಬ್ರಾಂಚಿಗೂ ಬೇರೆ. ಸುಮ್ನೆ ‘ಸ್ವಾಯತ್ತ ಅಂದ್ರೆ ಅಂಕ ಸುಲಭ’ ಅಂತ ನಂಬಬೇಡಿ. ನಿಮ್ಮ ಬ್ರಾಂಚಿನ ಸೀನಿಯರ್‌ಗಳನ್ನೇ ವಿಚಾರಿಸಿ.

ದಿನಾ ಓದಿ ಅಸೈನ್‌ಮೆಂಟ್ ಸರಿಯಾಗಿ ಕೊಡುವವರಿಗೆ ಸ್ವಾಯತ್ತ ಒಗ್ಗುತ್ತದೆ. ಕೊನೇ ತಿಂಗಳು ಹಳೇ ಪತ್ರಿಕೆ ಹಿಡಿದು ಕೂರುವವರಿಗೆ ವಿಟಿಯು ಪರೀಕ್ಷೆಯೇ ವಾಸಿ. ಕ್ಯಾಂಪಸ್ ಕೆಲಸವೇ ಗುರಿಯಾದರೆ ಕಂಪನಿಗಳ ಕಟ್‌ಆಫ್ ದಾಟುವಷ್ಟು ಸಿಜಿಪಿಎ (ಎಲ್ಲ ಸೆಮಿಸ್ಟರ್‌ಗಳ ಸರಾಸರಿ ಗ್ರೇಡ್) ಎಲ್ಲಿ ಓದಿದರೂ ಬೇಕು, ಅಲ್ವಾ? ಆಗ ಅಂಕಕ್ಕಿಂತ ಮೊದಲು ಪ್ಲೇಸ್‌ಮೆಂಟ್ ಪಟ್ಟಿ ನೋಡಿ.