ರಸ್ತೆಗೂ ಟ್ರ್ಯಾಕ್‌ಗೂ ಒಂದೇ ಕಾರು: ರಬ್ಬರ್, ಪಾಲಿ ಮತ್ತು ಬೇರಿಂಗ್ ಬುಷ್‌ಗಳ ಹೋಲಿಕೆ

ನೇರ ಹಾದಿಯ ಕೊನೆಯಲ್ಲಿ ಬ್ರೇಕನ್ನು ಬಲವಾಗಿ ತುಳಿದಾಗಲೆಲ್ಲ ನನ್ನ ಕಾರು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಎಳೆಯುತ್ತಿತ್ತು. ವೀಲ್ ಅಲೈನ್‌ಮೆಂಟ್ ಮಾಡಿಸಿದರೆ ಅಳತೆಗಳೆಲ್ಲ ಸರಿಯಾಗಿಯೇ ಬರುತ್ತಿದ್ದವು. ಕೊನೆಗೆ ಕಾರನ್ನು ಮೇಲೆತ್ತಿ, ಚಕ್ರವನ್ನು ಚಾಸಿಗೆ ಜೋಡಿಸುವ ಮುಂದಿನ ಲೋಯರ್ ಆರ್ಮ್‌ನ ಹಿಂಬದಿಯ ಬುಷ್ (ಆರ್ಮ್ ಚಾಸಿಗೆ ಸೇರುವ ಕೀಲಿನೊಳಗಿನ ಮೆತ್ತೆ) ಬಳಿ ಸಲಾಕೆ ತೂರಿಸಿ ಮೀಟಿದಾಗ, ಹೊರಗೆ ಚೆನ್ನಾಗಿಯೇ ಕಾಣುತ್ತಿದ್ದ ರಬ್ಬರಿನಲ್ಲಿ ಉಗುರು ಇಳಿಯುವಷ್ಟು ಅಗಲದ ಸೀಳು ಬಾಯಿಬಿಟ್ಟಿತು. ಅಲೈನ್‌ಮೆಂಟ್ ಯಂತ್ರ ಅಳೆಯುವುದು ನಿಂತ ಕಾರನ್ನು. ಬ್ರೇಕಿನ ಭಾರ ಬಿದ್ದಾಗ ಬುಷ್ ಎಷ್ಟು ಜರುಗುತ್ತದೆ, ಅದರೊಂದಿಗೆ ಚಕ್ರದ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಎಷ್ಟು ಬದಲಾಗುತ್ತದೆ ಎಂಬುದು ಅದಕ್ಕೆ ಕಾಣುವುದಿಲ್ಲ. ಅಲ್ಲಿಂದ ಮುಂದೆ ಅದೇ ಕಾರಿಗೆ, ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ಗಳನ್ನು ಬದಲಿಸದೆ, ಗಟ್ಟಿ ರಬ್ಬರ್, ಪಾಲಿಯುರೆಥೇನ್ ಮತ್ತು ಸ್ಫೆರಿಕಲ್ ಬೇರಿಂಗ್ ಮೂರನ್ನೂ ಹಾಕಿ ಓಡಿಸಿ ನೋಡಿದ್ದೇನೆ.

ಮೊದಲು ಹಾಕಿಸಿದ್ದು ಗಟ್ಟಿ ರಬ್ಬರ್. ಕಾರಿನೊಂದಿಗೆ ಬರುವ ರಬ್ಬರ್ ಬುಷ್‌ಗಳ ಗಡಸುತನ ಸಾಮಾನ್ಯವಾಗಿ ಶೋರ್ ಎ ಅಳತೆಯಲ್ಲಿ (ಸಂಖ್ಯೆ ಹೆಚ್ಚಿದಷ್ಟೂ ವಸ್ತು ಗಡುಸು) 50ರಿಂದ 65ರ ಆಸುಪಾಸಿನಲ್ಲಿರುತ್ತದೆ. ಇವು ಆಕಾರದಲ್ಲಿ ಅವುಗಳಂತೆಯೇ ಇದ್ದು ಅದಕ್ಕಿಂತ ಗಡುಸು. ರಬ್ಬರ್ ಬುಷ್‌ನ ಮುಖ್ಯ ಗುಣವೆಂದರೆ, ಅದರಲ್ಲಿ ಯಾವುದೂ ಯಾವುದರ ಮೇಲೂ ಜಾರುವುದಿಲ್ಲ. ಒಳಗಿನ ಉಕ್ಕಿನ ಸ್ಲೀವ್‌ಗೂ ಹೊರಗಿನದಕ್ಕೂ ರಬ್ಬರ್ ಬೆಸೆದುಕೊಂಡಿದ್ದು, ಆರ್ಮ್ ಮೇಲೆ ಕೆಳಗೆ ಆಡಿದಷ್ಟೂ ರಬ್ಬರೇ ತಿರುಚಿಕೊಳ್ಳುತ್ತದೆ. ಆದ್ದರಿಂದ ಗ್ರೀಸ್ ಬೇಡ, ಸದ್ದಿಲ್ಲ, ಮಣ್ಣು ನೀರಿನ ಭಯವೂ ಇಲ್ಲ. ಆದರೆ ಇದೇ ಗುಣದಿಂದಾಗಿ ನನ್ನ ಮೊದಲ ಜೋಡಿ ಹಾಳಾಯಿತು. ಕೆಲಸ ಮಾಡಿದ ಗ್ಯಾರೇಜಿನವರು ಚಕ್ರಗಳು ಗಾಳಿಯಲ್ಲಿ ಜೋತುಬಿದ್ದಿರುವಾಗಲೇ ಬೋಲ್ಟ್‌ಗಳನ್ನು ಪೂರ್ತಿ ಬಿಗಿದಿದ್ದರು. ಕಾರನ್ನು ನೆಲಕ್ಕಿಳಿಸಿದ ಕ್ಷಣದಿಂದ ಬುಷ್‌ಗಳು ತಿರುಚಿದ ಸ್ಥಿತಿಯಲ್ಲೇ ಉಳಿದು, ಕೆಲವೇ ತಿಂಗಳಲ್ಲಿ ಹರಿದುಹೋದವು. ಎರಡನೆಯ ಜೋಡಿಯನ್ನು ನಾನೇ ಹಾಕಿದೆ: ಕಾರು ನೆಲದ ಮೇಲೆ ನಿಂತಿದ್ದಾಗ ಹಬ್‌ನ ನಡುವಿನಿಂದ ಫೆಂಡರ್ ಅಂಚಿನವರೆಗಿನ ಅಂತರವನ್ನು ಅಳೆದಿಟ್ಟುಕೊಂಡು, ಜ್ಯಾಕ್‌ನಿಂದ ಆರ್ಮನ್ನು ಅದೇ ಎತ್ತರಕ್ಕೆ ತಂದು, ಆಮೇಲೆ ಬಿಗಿದೆ. ಅವು ಇಂದಿಗೂ ಗಟ್ಟಿಮುಟ್ಟಾಗಿವೆ. ಬ್ರೇಕ್ ಹಿಡಿದಾಗಿನ ಎಳೆತ ಬಹುಪಾಲು ಹೋಯಿತು. ಗುಂಡಿಗಳಲ್ಲಿ ಇಳಿದಾಗ ಹೊಡೆತ ಸ್ವಲ್ಪ ಹೆಚ್ಚು ತಿಳಿಯುತ್ತದೆ, ಅಷ್ಟೇ.

ಪಾಲಿ ಬುಷ್‌ಗಳನ್ನು ಮಾತ್ರ ದುರಾಸೆಯಿಂದ ಎಲ್ಲ ಕಡೆಗೂ ಒಟ್ಟಿಗೆ ಹಾಕಿದೆ. ರಸ್ತೆಗೆಂದು ಬರುವವು ಸುಮಾರು 80 ಶೋರ್ ಎ, ರೇಸಿಗೆಂದು ಬರುವವು 95ರವರೆಗೆ. ಸ್ಟೀರಿಂಗ್ ತಿರುಗಿಸಿದ ತಕ್ಷಣ ಕಾರು ತಿರುಗುವ ಆ ಚುರುಕು ಮೊದಲ ತಿರುವಿನಲ್ಲೇ ತಿಳಿಯಿತು. ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸ್ಟೆಬಿಲೈಸರ್ ಬಾರ್‌ನಲ್ಲಂತೂ ಪಾಲಿಯನ್ನು ಮೀರಿಸುವುದು ಬೇರೊಂದಿಲ್ಲ, ಏಕೆಂದರೆ ಅಲ್ಲಿ ಬಾರ್ ತನ್ನ ಅಕ್ಷದ ಸುತ್ತ ತಿರುಗಿದರೆ ಸಾಕು. ತೊಂದರೆ ಕಾಣಿಸಿದ್ದು ಹಿಂದಿನ ಚಕ್ರವನ್ನು ಅದರ ಮುಂದಿನಿಂದ ಹಿಡಿದಿಡುವ ಟ್ರೈಲಿಂಗ್ ಆರ್ಮ್‌ನಲ್ಲಿ. ತಿರುವಿನ ನಡುವೆ ಸಣ್ಣ ಉಬ್ಬು ಸಿಕ್ಕಿದರೂ ಕಾರಿನ ಹಿಂಭಾಗ ಪಕ್ಕಕ್ಕೆ ಹಾರುತ್ತಿತ್ತು. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಬಿಚ್ಚಿ ಆರ್ಮನ್ನು ಕೈಯಿಂದ ಎತ್ತಿ ನೋಡಿದಾಗ ಕಾರಣ ಸಿಕ್ಕಿತು: ಅರ್ಧ ದಾರಿಯವರೆಗೆ ಸರಾಗವಾಗಿ ಬಂದ ಆರ್ಮ್ ಅಲ್ಲಿಂದ ಮುಂದಕ್ಕೆ ಬಿಗಿದು, ಕೈಬಿಟ್ಟರೆ ಕೆಳಗಿಳಿಯದೆ ಹಾಗೆಯೇ ನಿಂತಿತು. ಆ ಆರ್ಮ್ ಮೇಲೇಳುವಾಗ ಒಂದೇ ಅಕ್ಷದ ಸುತ್ತ ತಿರುಗುವುದಿಲ್ಲ, ಪಕ್ಕಕ್ಕೂ ವಾಲುತ್ತದೆ. ರಬ್ಬರ್ ಆ ವಾಲುವಿಕೆಗೆ ಬಗ್ಗುತ್ತದೆ, ಪಾಲಿ ಬಗ್ಗುವುದಿಲ್ಲ. ಹೀಗೆ ಬಿಗಿದುಕೊಂಡ ಬುಷ್ ನಾವು ಲೆಕ್ಕ ಹಾಕದ ಇನ್ನೊಂದು ಸ್ಪ್ರಿಂಗಿನಂತೆ ವರ್ತಿಸುತ್ತದೆ. ಇದರ ಜೊತೆಗೆ, ಪಾಲಿ ತನ್ನ ಸ್ಲೀವ್ ಮೇಲೆ ಜಾರುವುದರಿಂದ ಗ್ರೀಸ್ ಒಣಗಿದೊಡನೆ ಹಳೆಯ ಬಾಗಿಲಿನಂತೆ ಕಿರುಗುಟ್ಟತೊಡಗುತ್ತದೆ. ಅದಕ್ಕೆ ಸಿಲಿಕೋನ್ ಗ್ರೀಸನ್ನೇ ಹಚ್ಚಬೇಕು. ಪೆಟ್ರೋಲಿಯಂ ಗ್ರೀಸ್ ಪಕ್ಕದ ರಬ್ಬರ್ ಭಾಗಗಳಿಗೆ ತಗುಲಿದರೆ ಅವು ಉಬ್ಬಿ ಮೆತ್ತಗಾಗುತ್ತವೆ.

ಆ ಟ್ರೈಲಿಂಗ್ ಆರ್ಮ್‌ನ ಮುಂದಿನ ತುದಿಗೆ ಕೊನೆಯಲ್ಲಿ ಸ್ಫೆರಿಕಲ್ ಬೇರಿಂಗ್ ಒತ್ತಿಸಿದೆ. ಉಕ್ಕಿನ ಗುಂಡು ಎಲ್ಲ ದಿಕ್ಕಿಗೂ ತಿರುಗುತ್ತದೆ, ಆದರೆ ಯಾವ ದಿಕ್ಕಿಗೂ ಜರುಗುವುದಿಲ್ಲ. ಬಿಗಿತ ಪೂರ್ತಿ ಮಾಯವಾಯಿತು. ಟ್ರ್ಯಾಕ್‌ನಲ್ಲಿ ಹಿಂದಿನ ಚಕ್ರಗಳು ಏನು ಮಾಡುತ್ತಿವೆ ಎಂಬುದು ಮೊದಲ ಬಾರಿಗೆ ಸ್ಪಷ್ಟವಾಗಿ ತಿಳಿಯತೊಡಗಿತು. ಬದಲಿಗೆ ರಸ್ತೆಯ ಪ್ರತಿಯೊಂದು ಜಲ್ಲಿಕಲ್ಲಿನ ಸದ್ದೂ ಕಾರಿನೊಳಗೆ ಬರುತ್ತದೆ, ಹೊಡೆತವೆಲ್ಲ ನೇರವಾಗಿ ಚಾಸಿಗೆ ಹೋಗುತ್ತದೆ. ಧೂಳು ಸೇರಿದರೆ ಗುಂಡಿನ ಸುತ್ತಲಿನ ಪದರ ಬೇಗ ಸವೆದು, ನಿಧಾನವಾಗಿ ಉಬ್ಬು ದಾಟುವಾಗ ಕಟಕಟ ಶಬ್ದ ಶುರುವಾಗುತ್ತದೆ. ರಬ್ಬರ್ ಬೂಟ್ (ಧೂಳು ತಡೆಯುವ ಹೊದಿಕೆ) ಇಲ್ಲದ ಬೇರಿಂಗನ್ನು ರಸ್ತೆಗಿಳಿಯುವ ಕಾರಿಗೆ ಹಾಕಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ನನ್ನ ಕಾರಿನಲ್ಲಿ ಮೂರೂ ಇವೆ. ಮುಂದಿನ ಲೋಯರ್ ಆರ್ಮ್‌ನ ಮುಂಬದಿಯ ಬುಷ್ ಹೆಚ್ಚುಕಡಿಮೆ ಒಂದೇ ಅಕ್ಷದ ಸುತ್ತ ತಿರುಗುವುದರಿಂದ ಅಲ್ಲಿ ಪಾಲಿಯನ್ನು ಉಳಿಸಿಕೊಂಡಿದ್ದೇನೆ. ಗುಂಡಿಯ ಹೊಡೆತಕ್ಕೆ ಚಕ್ರ ತುಸು ಹಿಂದೆ ಸರಿಯಲು ಅವಕಾಶ ಕೊಡಬೇಕಾದ ಹಿಂಬದಿಯ ಬುಷ್‌ಗೆ ಗಟ್ಟಿ ರಬ್ಬರನ್ನೇ ಮರಳಿ ಹಾಕಿದೆ. ಸ್ಟೆಬಿಲೈಸರ್ ಬಾರ್‌ಗೆ ಪಾಲಿ, ಟ್ರೈಲಿಂಗ್ ಆರ್ಮ್‌ಗೆ ಬೂಟ್ ಇರುವ ಬೇರಿಂಗ್. ಟ್ರ್ಯಾಕ್‌ಗೆ ವರ್ಷಕ್ಕೆ ಒಂದೆರಡು ಸಲ ಮಾತ್ರ ಹೋಗುವವರು ಬೇರಿಂಗ್ ಗೊಡವೆಗೆ ಹೋಗದೆ ಟ್ರೈಲಿಂಗ್ ಆರ್ಮ್‌ಗೂ ಗಟ್ಟಿ ರಬ್ಬರನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಬದಲಾವಣೆಯ ನಂತರ ಅಲೈನ್‌ಮೆಂಟನ್ನು ಹೊಸದಾಗಿ ಮಾಡಿಸಿದೆ. ಭಾರ ಬಿದ್ದಾಗ ಹಿಂದಿನ ಚಕ್ರಗಳು ಈಗ ಹೆಚ್ಚು ಅಲುಗದ ಕಾರಣ ಮೊದಲಿನಷ್ಟು ಟೋ-ಇನ್ (ಚಕ್ರದ ಮುಂಭಾಗ ಒಳಕ್ಕೆ ತಿರುಗಿರುವುದು) ಬೇಕಾಗುತ್ತಿಲ್ಲ, ಹಿಂದಿನ ಟೈರ್‌ಗಳೂ ನಿಧಾನವಾಗಿ ಸವೆಯುತ್ತಿವೆ.